ಸೂರ್ಯನ ಬೆಳಕು, ಊರಿನ ಆಸರೆ: ಸೌರ ವಿದ್ಯುತ್ ಹಾಗೂ ವಿದ್ಯುತ್ ಸಂಗ್ರಹಣೆಗೆ ಸಾರ್ವಜನಿಕ ಅನುದಾನ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ
(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಗೆ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ಸದಸ್ಯರು ಮೂರು ವಿಷಯಗಳಲ್ಲಿ ಸ್ವತಂತ್ರವಾಗಿ ನಿರ್ಣಯ ಕೈಗೊಳ್ಳಲು ಶಕ್ತರಾಗಬೇಕೆಂಬುದು ಉದ್ದೇಶ. ಒಂದು, ವಿದ್ಯುತ್ ಕಡಿತವಾದಾಗ ಗ್ರಾಮದಲ್ಲಿ ಯಾವ ಸೇವೆ ನಿಲ್ಲಬಾರದು ಎಂಬುದನ್ನು ಗುರುತಿಸುವುದು. ಎರಡು, ಆ ಸೇವೆಗೆ ತಕ್ಕ ಸೌರ ವ್ಯವಸ್ಥೆ ಯಾವುದು, ಎಷ್ಟು ಗಾತ್ರದ್ದು ಎಂದು ಅಂದಾಜು ಮಾಡುವುದು. ಮೂರು, ಅದಕ್ಕೆ ಯಾವ ಅನುದಾನ ದೊರೆಯುತ್ತದೆ, ವ್ಯವಸ್ಥೆ ಬಾಳಿಕೆ ಬರಲು ಪಂಚಾಯಿತಿ ಏನು ಮಾಡಬೇಕು ಎಂಬುದನ್ನು ತಿಳಿಯುವುದು.

1. ಈ ವಿಷಯ ಏಕೆ ಮುಖ್ಯ

ಮುಂಗಾರಿಗೆ ಮುಂಚಿನ ಗಾಳಿಮಳೆ ಈ ಐದು ತಾಲ್ಲೂಕುಗಳಿಗೆ ಹೊಸದಲ್ಲ. ಒಂದು ಸಂಜೆಯ ಬಿರುಗಾಳಿಗೆ ಕಂಬಗಳು ಉರುಳುತ್ತವೆ, ತಂತಿ ಹರಿಯುತ್ತದೆ, ಟಿ.ಸಿ. ಸುಡುತ್ತದೆ. ಪಟ್ಟಣಕ್ಕೆ ವಿದ್ಯುತ್ ಮರಳಿದ ಮೇಲೆಯೂ ದೂರದ ಹಳ್ಳಿಗಳು ಕಾಯಬೇಕಾಗುತ್ತದೆ. ಮೊದಲ ದಿನ ತೊಂದರೆ ಕತ್ತಲೆಯದು. ಎರಡನೆಯ ದಿನ ಅದು ನೀರಿನದಾಗುತ್ತದೆ. ಕೊಳವೆಬಾವಿಯ ಮೋಟಾರು ತಿರುಗದು, ಮೇಲ್ತೊಟ್ಟಿ ಬರಿದಾಗುತ್ತದೆ, ಶುದ್ಧ ಕುಡಿಯುವ ನೀರಿನ ಘಟಕ ಬೀಗ ಹಾಕಿಕೊಳ್ಳುತ್ತದೆ. ಫ್ಲೋರೈಡ್ ಬೆರೆತ ಅಂತರ್ಜಲವಿರುವ ಗ್ರಾಮಗಳಲ್ಲಿ ಘಟಕ ನಿಂತರೆ ಜನರು ಅದೇ ನೀರನ್ನು ಕುಡಿಯಬೇಕಾಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪದೊಳಗೆ ಕಾಯ್ದುಕೊಳ್ಳಬೇಕು. ಹೆರಿಗೆಯ ಕೋಣೆಗೆ ರಾತ್ರಿ ಬೆಳಕು ಬೇಕು. ಪಂಚಾಯಿತಿ ಕಚೇರಿಯಲ್ಲಿ ಗಣಕಯಂತ್ರ ನಿಂತರೆ ಇ-ಸ್ವತ್ತು, ಪಂಚತಂತ್ರ, ಬಾಪೂಜಿ ಸೇವಾ ಕೇಂದ್ರದ ಕೆಲಸಗಳು ನಿಲ್ಲುತ್ತವೆ. ದೂರದಿಂದ ಬಂದವರು ಕೂಲಿ ಕಳೆದುಕೊಂಡು ಬರಿಗೈಯಲ್ಲಿ ಮರಳುತ್ತಾರೆ.

ಗಾಳಿಮಳೆಯಂತೆ ಬರವೂ ವಿದ್ಯುತ್ತಿನ ಮೇಲೆ ಹೊರೆ ಹಾಕುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮಳೆ ಕೈಕೊಟ್ಟಾಗ ಜಲಾಶಯಗಳಲ್ಲಿ ಜಲವಿದ್ಯುತ್ತಿಗೆ ನೀರು ಕಡಿಮೆಯಾಯಿತು. ಅದೇ ವೇಳೆಗೆ ರೈತರ ಪಂಪ್‌ಸೆಟ್‌ಗಳ ಬೇಡಿಕೆ ಏರಿತು. ನೀರು ಅತ್ಯಂತ ಅಗತ್ಯವಾದ ಕಾಲದಲ್ಲಿಯೇ ವಿದ್ಯುತ್ತಿನ ಅಭಾವವೂ ಎದುರಾಗುತ್ತದೆ ಎಂಬುದು ಆ ವರ್ಷದ ಪಾಠ. ಆದರೆ ಬರದ ಆಕಾಶದಲ್ಲಿ ಮೋಡವಿರುವುದಿಲ್ಲ, ಬಿಸಿಲಿಗೆ ಕೊರತೆಯಿರುವುದಿಲ್ಲ. ನೆಲವನ್ನು ಒಣಗಿಸುವ ಬಿಸಿಲೇ ನೀರನ್ನು ಎತ್ತಿಕೊಡಬಲ್ಲದು. ಅದಕ್ಕೆ ಬೇಕಾದುದು ಮುಂಚಿತವಾದ ಯೋಜನೆ.

2. ಪಂಚಾಯಿತಿಯ ಅಧಿಕಾರ ಮತ್ತು ಹೊಣೆ

ವಿದ್ಯುತ್ ಎಂದರೆ ಸರಬರಾಜು ಕಂಪನಿಯ ಕೆಲಸ, ಪಂಚಾಯಿತಿಗೆ ಸಂಬಂಧವಿಲ್ಲ ಎಂಬ ಭಾವನೆ ಕೆಲವರಲ್ಲಿದೆ. ಇದು ಪೂರ್ಣ ಸತ್ಯವಲ್ಲ. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 11ನೆಯದು ಕುಡಿಯುವ ನೀರು, 14ನೆಯದು ವಿದ್ಯುತ್ ವಿತರಣೆಯೂ ಸೇರಿದಂತೆ ಗ್ರಾಮೀಣ ವಿದ್ಯುದೀಕರಣ, 15ನೆಯದು ಅಸಾಂಪ್ರದಾಯಿಕ ಇಂಧನ ಮೂಲಗಳು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಸಹ ಅಸಾಂಪ್ರದಾಯಿಕ ಇಂಧನದ ಪ್ರಚಾರವನ್ನೂ ಸಮುದಾಯದ ಇಂಧನ ಸಾಧನಗಳ ನಿರ್ವಹಣೆಯನ್ನೂ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿಸಿದೆ. ಆದ್ದರಿಂದ ಸೌರ ವಿದ್ಯುತ್ತಿನ ವಿಷಯವನ್ನು ವಾರ್ಡ್ ಸಭೆಯಲ್ಲಿ, ಗ್ರಾಮ ಸಭೆಯಲ್ಲಿ ಮಂಡಿಸಿ ಕ್ರಿಯಾ ಯೋಜನೆಗೆ ಸೇರಿಸುವುದು ಸದಸ್ಯರ ಅಧಿಕಾರದ ವ್ಯಾಪ್ತಿಯಲ್ಲಿಯೇ ಇದೆ.

3. ಮೂರು ಬಗೆಯ ಸೌರ ವ್ಯವಸ್ಥೆಗಳು

ಅನುದಾನದ ಮಾತಿಗೆ ಮುನ್ನ ಈ ಭಾಗವನ್ನು ಸದಸ್ಯರು ಎಚ್ಚರಿಕೆಯಿಂದ ಓದಬೇಕು. ವ್ಯವಸ್ಥೆಯ ಬಗೆಯನ್ನು ತಪ್ಪಾಗಿ ಆರಿಸಿದರೆ ಹಣ ಖರ್ಚಾದ ಮೇಲೆಯೂ ಕತ್ತಲೆ ಹಾಗೆಯೇ ಉಳಿಯುತ್ತದೆ.

(ಅ) ಗ್ರಿಡ್‌ಗೆ ಜೋಡಿಸಿದ ವ್ಯವಸ್ಥೆ: ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲಿನಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಕಟ್ಟಡ ಬಳಸಿಕೊಂಡು, ಉಳಿದುದನ್ನು ಸಾಲಿಗೆ ನೀಡುತ್ತದೆ; ನೆಟ್ ಮೀಟರ್ ಅದರ ಲೆಕ್ಕವಿಡುತ್ತದೆ. ಬಿಲ್ಲು ತಗ್ಗಿಸಲು ಇದು ಉತ್ತಮ. ಆದರೆ ಸಾಲಿನಲ್ಲಿ ವಿದ್ಯುತ್ ಹೋದ ಕ್ಷಣವೇ ಈ ವ್ಯವಸ್ಥೆಯೂ ತಾನಾಗಿ ನಿಲ್ಲುತ್ತದೆ. ಇದು ದೋಷವಲ್ಲ. ಕಂಬವೇರಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಛಾವಣಿಯ ಫಲಕದಿಂದ ವಿದ್ಯುತ್ ಹರಿದು ಜೀವಹಾನಿಯಾಗಬಾರದೆಂದು ಮಾಡಿರುವ ಸುರಕ್ಷತಾ ಏರ್ಪಾಡು. ಛಾವಣಿಯ ಮೇಲೆ ಫಲಕವಿದ್ದೂ ಕರೆಂಟು ಹೋದಾಗ ಫ್ಯಾನು ತಿರುಗಲಿಲ್ಲವೆಂಬ ದೂರಿಗೆ ಕಾರಣ ಇದೇ.

(ಆ) ಸ್ವತಂತ್ರ ವ್ಯವಸ್ಥೆ: ಸಾಲಿನ ಸಂಪರ್ಕವಿಲ್ಲದೆ ಫಲಕದಿಂದ ನೇರವಾಗಿ ಅಥವಾ ಬ್ಯಾಟರಿಯ ಮೂಲಕ ನಡೆಯುವಂಥದು. ಸೌರ ಪಂಪು, ಸೌರ ಬೀದಿದೀಪ ಈ ಬಗೆಯವು.

(ಇ) ಮಿಶ್ರ ವ್ಯವಸ್ಥೆ: ಸಾಲಿನ ಸಂಪರ್ಕವೂ ಇದೆ, ಬ್ಯಾಟರಿಯೂ ಇದೆ. ವಿದ್ಯುತ್ ಕಡಿತವಾದಾಗ ಹೈಬ್ರಿಡ್ ಇನ್ವರ್ಟರ್ ಕಟ್ಟಡವನ್ನು ಸಾಲಿನಿಂದ ಬೇರ್ಪಡಿಸಿ, ಆಯ್ದ ದೀಪ, ಫ್ಯಾನು, ಉಪಕರಣಗಳನ್ನು ಮಾತ್ರ ನಡೆಸುತ್ತದೆ. ಆರೋಗ್ಯ ಕೇಂದ್ರ, ಪಂಚಾಯಿತಿ ಕಚೇರಿ, ಅರಿವು ಕೇಂದ್ರಗಳಿಗೆ ಇದೇ ಸೂಕ್ತ.

ಬಿಲ್ಲು ಇಳಿಸುವುದು ಒಂದು ಗುರಿ. ಆಪತ್ತಿನಲ್ಲಿ ಸೇವೆ ನಿಲ್ಲದಂತೆ ನೋಡಿಕೊಳ್ಳುವುದು ಇನ್ನೊಂದು ಗುರಿ. ಯಾವ ಕಟ್ಟಡಕ್ಕೆ ಯಾವ ಗುರಿ ಎಂಬುದನ್ನು ನಿರ್ಣಯದಲ್ಲಿಯೇ ಸ್ಪಷ್ಟವಾಗಿ ಬರೆಯತಕ್ಕದ್ದು.

4. ಸಂಗ್ರಹಣೆ ಎಂದರೆ ಬ್ಯಾಟರಿ ಮಾತ್ರವಲ್ಲ

ಸೂರ್ಯನಿರುವುದು ಹಗಲಿನಲ್ಲಿ, ಅಗತ್ಯವಿರುವುದು ಹಗಲು ರಾತ್ರಿ ಎರಡೂ ಹೊತ್ತು. ಈ ಅಂತರವನ್ನು ತುಂಬುವುದೇ ಸಂಗ್ರಹಣೆ. ಗ್ರಾಮದಲ್ಲಿ ಈಗಾಗಲೇ ಇರುವ ಅತ್ಯಂತ ಅಗ್ಗದ ಸಂಗ್ರಹಣೆ ನೀರಿನ ಮೇಲ್ತೊಟ್ಟಿ.

ಒಂದು ಉದಾಹರಣೆಯನ್ನು ಗಮನಿಸಬಹುದು. 1,000 ಜನಸಂಖ್ಯೆಯ ಗ್ರಾಮಕ್ಕೆ ಜಲ ಜೀವನ್ ಮಿಷನ್‌ನ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರ್ ನೀರು ಬೇಕು. ಒಟ್ಟು 55,000 ಲೀಟರ್. ಕೊಳವೆಬಾವಿಯ ನೀರಿನ ಮಟ್ಟದಿಂದ ತೊಟ್ಟಿಯ ಬಾಯಿಯವರೆಗೆ ಒಟ್ಟು ಎತ್ತರ 100 ಮೀಟರ್ ಎಂದಿಟ್ಟುಕೊಂಡರೆ, ಅಷ್ಟು ನೀರನ್ನು ಮೇಲೆತ್ತಲು ಸೈದ್ಧಾಂತಿಕವಾಗಿ ಸುಮಾರು 15 ಯುನಿಟ್ ಶಕ್ತಿ ಸಾಕು. ಮೋಟಾರು ಮತ್ತು ಪಂಪಿನ ಒಟ್ಟು ದಕ್ಷತೆ ಶೇ. 45 ಎಂದು ಹಿಡಿದರೆ ನಿಜವಾಗಿ ಬೇಕಾಗುವುದು ಸುಮಾರು 33 ಯುನಿಟ್. ಈ ಭಾಗದ ಬಿಸಿಲಿಗೆ 1 ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸರಾಸರಿ 4 ಯುನಿಟ್ ನೀಡುತ್ತದೆಂದು ಲೆಕ್ಕಿಸಿದರೆ ಸುಮಾರು 8 ಕಿಲೋವ್ಯಾಟ್ ಫಲಕ ಬೇಕು. 1 ಕಿಲೋವ್ಯಾಟಿಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಹಿಡಿಯುತ್ತದೆ.

ಇದೇ 33 ಯುನಿಟ್‌ಗಳನ್ನು ಬ್ಯಾಟರಿಯಲ್ಲಿ ತುಂಬಿಟ್ಟು ರಾತ್ರಿ ಪಂಪು ನಡೆಸಬೇಕೆಂದರೆ 40 ಯುನಿಟ್‌ಗಿಂತ ಹೆಚ್ಚು ಸಾಮರ್ಥ್ಯದ ಬ್ಯಾಟರಿ ಬೇಕಾಗುತ್ತದೆ. ಅದರ ಬೆಲೆ ಪಂಚಾಯಿತಿಗೆ ಭಾರ. ಹಗಲಿನಲ್ಲಿಯೇ ನೀರನ್ನು ತೊಟ್ಟಿಗೆ ಏರಿಸಿದರೆ ಬ್ಯಾಟರಿಯೇ ಬೇಡ. ಇನ್ನೊಂದು ತೊಟ್ಟಿ ಕಟ್ಟಿಸಿ ಎರಡು ದಿನದ ನೀರು ತುಂಬಿಟ್ಟುಕೊಂಡರೆ, ಮೋಡ ಕವಿದ ದಿನಕ್ಕೂ ತಂತಿ ಹರಿದ ದಿನಕ್ಕೂ ಅದು ಆಸರೆ. ತೊಟ್ಟಿಗೆ ಐದು ವರ್ಷಕ್ಕೊಮ್ಮೆ ಬದಲಾವಣೆಯೂ ಬೇಡ, ಅದರ ನಿರ್ವಹಣೆ ನೀರುಗಂಟಿಗೆ ಈಗಾಗಲೇ ತಿಳಿದಿದೆ.

ಇದೇ ತತ್ವ ತಂಪು ಪೆಟ್ಟಿಗೆಗೂ ಅನ್ವಯಿಸುತ್ತದೆ. ಲಸಿಕೆ ಇಡುವ ವಿಶೇಷ ಶೀತಕಗಳಲ್ಲಿ ಹಗಲಿನ ವಿದ್ಯುತ್ತಿನಿಂದ ಮಂಜುಗಡ್ಡೆಯ ಪದರ ಕಟ್ಟಿ, ವಿದ್ಯುತ್ ಇಲ್ಲದ ಗಂಟೆಗಳಲ್ಲಿ ತಂಪು ಕಾಯ್ದುಕೊಳ್ಳಲಾಗುತ್ತದೆ. ಬ್ಯಾಟರಿಯನ್ನು ಬೆಳಕು, ಫ್ಯಾನು, ಗಣಕಯಂತ್ರ, ಸಂವಹನ ಸಾಧನ ಇವುಗಳಿಗೆ ಮೀಸಲಿಡುವುದು ಮಿತವ್ಯಯದ ಮಾರ್ಗ.

5. ಪಂಚಾಯಿತಿ ಕಚೇರಿಯ ಬ್ಯಾಟರಿ ಲೆಕ್ಕ

ಕಚೇರಿಯೊಂದರಲ್ಲಿ ತಲಾ 100 ವ್ಯಾಟಿನ 3 ಗಣಕಯಂತ್ರ, 20 ವ್ಯಾಟಿನ ಅಂತರ್ಜಾಲ ಸಾಧನ, ತಲಾ 35 ವ್ಯಾಟಿನ 3 ಮಿತವ್ಯಯದ ಫ್ಯಾನು, ತಲಾ 10 ವ್ಯಾಟಿನ 6 ಎಲ್‌ಇಡಿ ದೀಪಗಳಿವೆ ಎಂದಿಟ್ಟುಕೊಂಡರೆ ಒಟ್ಟು ಹೊರೆ 485 ವ್ಯಾಟ್. ಇವು 4 ಗಂಟೆ ನಡೆಯಲು ಸುಮಾರು 2 ಯುನಿಟ್ ಬೇಕು. ಇನ್ವರ್ಟರಿನ ನಷ್ಟ ಸೇರಿದರೆ ಸುಮಾರು 2.3 ಯುನಿಟ್.

ಸೀಸ-ಆಮ್ಲದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ಸುಮಾರು 4.6 ಯುನಿಟ್ ಸಾಮರ್ಥ್ಯ ಬೇಕು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯೊಂದರ ಸಾಮರ್ಥ್ಯ 1.8 ಯುನಿಟ್ ಆದ್ದರಿಂದ ಕನಿಷ್ಠ 3, ಜೋಡಣೆಯ ಅನುಕೂಲಕ್ಕೆ 4 ಬ್ಯಾಟರಿ ಬೇಕಾಗಬಹುದು. ಲಿಥಿಯಂ ಬ್ಯಾಟರಿಯನ್ನು ಶೇ. 80ರವರೆಗೆ ಬಳಸಬಹುದಾದುದರಿಂದ ಸುಮಾರು 3 ಯುನಿಟ್ ಸಾಮರ್ಥ್ಯ ಸಾಕು. ಅದರ ಮೊದಲ ಬೆಲೆ ಹೆಚ್ಚು. ಆದರೆ ಬಾಳಿಕೆ ದೀರ್ಘ, ನೀರು ಹಾಕುವ ಕೆಲಸವಿಲ್ಲ. ದರಪಟ್ಟಿಗಳನ್ನು ಹೋಲಿಸುವಾಗ ಇಂದಿನ ಬೆಲೆಯನ್ನಷ್ಟೇ ನೋಡದೆ, ಹತ್ತು ವರ್ಷಗಳಲ್ಲಿ ಎಷ್ಟು ಬಾರಿ ಬ್ಯಾಟರಿ ಬದಲಿಸಬೇಕಾಗುತ್ತದೆ ಎಂಬುದನ್ನೂ ಕೂಡಿ ನೋಡಬೇಕು.

ಈ ಲೆಕ್ಕದಲ್ಲಿ ಇನ್ನೊಂದು ಪಾಠವಿದೆ. ಉಳಿಸಿದ ಯುನಿಟ್ಟೇ ಅತ್ಯಂತ ಅಗ್ಗದ ಯುನಿಟ್. ಗ್ರಾಮದ 100 ಬೀದಿದೀಪಗಳು ತಲಾ 50 ವ್ಯಾಟಿನ ಹಳೆಯ ಕೊಳವೆ ದೀಪಗಳಾಗಿದ್ದು ರಾತ್ರಿ 12 ಗಂಟೆ ಉರಿದರೆ 60 ಯುನಿಟ್ ಖರ್ಚಾಗುತ್ತದೆ. 20 ವ್ಯಾಟಿನ ಎಲ್‌ಇಡಿಗೆ ಬದಲಿಸಿದರೆ 24 ಯುನಿಟ್ ಸಾಕು. ರಾತ್ರಿಗೆ 36 ಯುನಿಟ್, ವರ್ಷಕ್ಕೆ 13,140 ಯುನಿಟ್ ಉಳಿಯುತ್ತದೆ. ಹಗಲಿನಲ್ಲಿಯೂ ಉರಿಯುವ ದೀಪಗಳಿಗೆ ಸ್ವಯಂಚಾಲಿತ ಸ್ವಿಚ್ ಅಳವಡಿಸುವುದು, ಸವೆದ ಪಂಪನ್ನು ದಕ್ಷ ಪಂಪಿಗೆ ಬದಲಿಸುವುದು ಇವು ಸೌರಫಲಕಕ್ಕಿಂತ ಮೊದಲು ಆಗಬೇಕಾದ ಕೆಲಸಗಳು.

6. ಅನುದಾನದ ದಾರಿಗಳು

(ಅ) ಪ್ರಧಾನಮಂತ್ರಿ ಸೂರ್ಯಘರ್ ಉಚಿತ ವಿದ್ಯುತ್ ಯೋಜನೆ: 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 75,021 ಕೋಟಿ ರೂ. ವೆಚ್ಚದ ಈ ಯೋಜನೆಗೆ ಅನುಮೋದನೆ ನೀಡಿತು. 1 ಕೋಟಿ ಮನೆಗಳ ಛಾವಣಿಗೆ ಸೌರ ವಿದ್ಯುತ್ ಒದಗಿಸುವುದು ಗುರಿ. ಸಹಾಯಧನ 1 ಕಿಲೋವ್ಯಾಟಿಗೆ 30,000 ರೂ., 2 ಕಿಲೋವ್ಯಾಟಿಗೆ 60,000 ರೂ., 3 ಕಿಲೋವ್ಯಾಟ್ ಹಾಗೂ ಅದಕ್ಕಿಂತ ಹೆಚ್ಚಿಗೆ ಗರಿಷ್ಠ 78,000 ರೂ.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಎರಡು ಅಂಶಗಳು ಈ ಯೋಜನೆಯಲ್ಲಿವೆ. ಮೊದಲನೆಯದು, ಸ್ಥಳೀಯ ಸಂಸ್ಥೆಗಳಿಗೆ ತಮ್ಮ ವ್ಯಾಪ್ತಿಯಲ್ಲಿ ಅಳವಡಿಕೆಯಾಗುವ ಪ್ರತಿ ಮನೆಯ ಸೌರ ಘಟಕಕ್ಕೆ 1,000 ರೂ. ಪ್ರೋತ್ಸಾಹಧನ. ಮಾರ್ಗಸೂಚಿಯ ಷರತ್ತುಗಳಿಗೆ ಒಳಪಟ್ಟು, 200 ಮನೆಗಳಲ್ಲಿ ಅಳವಡಿಕೆಯಾದರೆ ಅದು 2 ಲಕ್ಷ ರೂ. ಆಗುತ್ತದೆ. ಎರಡನೆಯದು, ಪ್ರತಿ ಜಿಲ್ಲೆಗೆ ಒಂದು ಮಾದರಿ ಸೌರ ಗ್ರಾಮ. 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಕಂದಾಯ ಗ್ರಾಮಗಳ ನಡುವೆ ಆರು ತಿಂಗಳ ಸ್ಪರ್ಧೆ ನಡೆದು, ಹೆಚ್ಚು ನವೀಕರಿಸಬಹುದಾದ ಇಂಧನ ಸಾಮರ್ಥ್ಯ ಸ್ಥಾಪಿಸಿದ ಗ್ರಾಮಕ್ಕೆ 1 ಕೋಟಿ ರೂ. ಕೇಂದ್ರ ನೆರವು ದೊರೆಯುತ್ತದೆ.

ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆಯಡಿ 200 ಯುನಿಟ್‌ವರೆಗೆ ಉಚಿತ ವಿದ್ಯುತ್ ದೊರೆಯುತ್ತಿರುವುದರಿಂದ, ಛಾವಣಿಗೆ ಹಣ ಹೂಡಲು ಅನೇಕ ಕುಟುಂಬಗಳು ಆಸಕ್ತಿ ತೋರುವುದಿಲ್ಲ. ಆದ್ದರಿಂದ ಹೆಚ್ಚು ವಿದ್ಯುತ್ ಬಳಸುವ ಮನೆಗಳನ್ನು ಮೊದಲು ಸಂಪರ್ಕಿಸುವುದು ಫಲಕಾರಿ. ಯಾವುದೇ ಕುಟುಂಬಕ್ಕೆ ಆಸೆ ತೋರಿಸುವಾಗ, ಬ್ಯಾಟರಿಯಿಲ್ಲದ ಘಟಕ ವಿದ್ಯುತ್ ಕಡಿತದಲ್ಲಿ ನಡೆಯದು ಎಂಬ ಸಂಗತಿಯನ್ನು ಮುಚ್ಚಿಡಬಾರದು.

(ಆ) ಪಿಎಂ-ಕುಸುಮ್: 2019ರಲ್ಲಿ ಆರಂಭವಾದ ಈ ಯೋಜನೆಗೆ ಮೂರು ಘಟಕಗಳಿವೆ. 'ಎ' ಘಟಕ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಸ್ಥಾವರಗಳಿಗೆ. ರೈತರು, ಸಹಕಾರ ಸಂಘಗಳು, ಪಂಚಾಯಿತಿಗಳು ಸಹ ಸ್ಥಾಪಿಸಬಹುದು. 'ಬಿ' ಘಟಕ ಸಾಲಿನ ಸಂಪರ್ಕವಿಲ್ಲದ ಸೌರ ಪಂಪ್‌ಸೆಟ್‌ಗಳಿಗೆ. ಇದರಲ್ಲಿ ಕೇಂದ್ರದ ಪಾಲು ಶೇ. 30, ರಾಜ್ಯ ಸರ್ಕಾರ ತನ್ನ ಪಾಲನ್ನು ಶೇ. 30ರಿಂದ ಶೇ. 50ಕ್ಕೆ ಏರಿಸಿರುವುದರಿಂದ ರೈತರ ವಂತಿಗೆ ಶೇ. 20 ಮಾತ್ರ. ವಿದ್ಯುತ್ ಪರಿವರ್ತಕದಿಂದ 500 ಮೀಟರಿಗಿಂತ ದೂರವಿರುವ ಕೊಳವೆಬಾವಿಗಳಿಗೆ ಈ ದಾರಿ ಮುಖ್ಯ. 'ಸಿ' ಘಟಕದಲ್ಲಿ ಉಪಕೇಂದ್ರದ ಬಳಿ ಸೌರ ಸ್ಥಾವರ ಸ್ಥಾಪಿಸಿ, ಕೃಷಿ ಫೀಡರುಗಳಿಗೆ ಹಗಲು ವಿದ್ಯುತ್ ನೀಡಲಾಗುತ್ತದೆ. 2025ರ ಜೂನ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂಥ ಸ್ಥಾವರಕ್ಕೆ ಮುಖ್ಯಮಂತ್ರಿಯವರು ಚಾಲನೆ ನೀಡಿದರು. ರಾತ್ರಿ ಹೊತ್ತು ಹಾವು ಚೇಳಿನ ಭಯದಲ್ಲಿ, ಕರಡಿ ಸಂಚರಿಸುವ ಗುಡೇಕೋಟೆಯಂಥ ಕಡೆಗಳಲ್ಲಿ ಪ್ರಾಣಿಯ ಭಯದಲ್ಲಿ ಹೊಲಕ್ಕೆ ನೀರು ಕಟ್ಟಲು ಹೋಗುವ ರೈತರಿಗೆ ಹಗಲು ವಿದ್ಯುತ್ತಿನ ಬೆಲೆ ಹಣದಲ್ಲಿ ಹೇಳಲಾಗದು. ಉಪಕೇಂದ್ರದ ಸಮೀಪದ ಸರ್ಕಾರಿ ಜಮೀನಿನ ವಿವರವನ್ನು ಕಂದಾಯ ಇಲಾಖೆಯೊಂದಿಗೆ ಪರಿಶೀಲಿಸಿ, ಗೋಮಾಳಕ್ಕೆ ಅಡ್ಡಿಯಾಗದಂತೆ ಅಭಿಪ್ರಾಯ ತಿಳಿಸುವುದು ಗ್ರಾಮ ಸಭೆಯ ಕೆಲಸ.

(ಇ) ಹಣಕಾಸು ಆಯೋಗದ ಅನುದಾನ: 15ನೇ ಹಣಕಾಸು ಆಯೋಗದ 2021–26ರ ಅವಧಿಯ ಅನುದಾನದಲ್ಲಿ ಶೇ. 60 ನಿರ್ಬಂಧಿತ, ಶೇ. 40 ಅನಿರ್ಬಂಧಿತ. ನಿರ್ಬಂಧಿತ ಭಾಗವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಅನಿರ್ಬಂಧಿತ ಭಾಗವನ್ನು ವೇತನ ಮತ್ತು ಸಿಬ್ಬಂದಿ ವೆಚ್ಚ ಹೊರತುಪಡಿಸಿ ಸ್ಥಳೀಯ ಅಗತ್ಯಗಳಿಗೆ ಬಳಸಬಹುದು. ಪಂಪಿನ ಸೌರೀಕರಣವನ್ನು ನೀರು ಪೂರೈಕೆಯ ಕಾಮಗಾರಿಯ ಅಂಗವಾಗಿ, ಕಚೇರಿಯ ಅಥವಾ ಅರಿವು ಕೇಂದ್ರದ ವ್ಯವಸ್ಥೆಯನ್ನು ಬೇರೆ ಕಾಮಗಾರಿಯಾಗಿ ಪ್ರತ್ಯೇಕ ಅಂದಾಜುಪಟ್ಟಿಯೊಂದಿಗೆ ಪ್ರಸ್ತಾಪಿಸಿದರೆ ಲೆಕ್ಕಪರಿಶೋಧನೆಯಲ್ಲಿ ತೊಡಕಾಗದು. ಮುಂದಿನ ಅವಧಿಗೆ ಆಯಾ ಆಯೋಗದ ಮಾರ್ಗಸೂಚಿ ಅನ್ವಯಿಸುತ್ತದೆ.

(ಈ) ಪ್ರಾದೇಶಿಕ ಮತ್ತು ಜಿಲ್ಲಾ ನಿಧಿಗಳು: ಸಂವಿಧಾನದ 371ಜೆ ವಿಧಿಯಡಿ ರೂಪುಗೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಗೆ ಈ ಜಿಲ್ಲೆ ಸೇರಿದೆ. ಆರೋಗ್ಯ ಕೇಂದ್ರ, ಶಾಲೆ, ವಸತಿ ನಿಲಯಗಳ ಸೌರೀಕರಣದಂಥ ಹಲವು ಗ್ರಾಮಗಳಿಗೆ ಸಂಬಂಧಿಸಿದ ಪ್ರಸ್ತಾವಗಳಿಗೆ ಈ ದಾರಿ ಸೂಕ್ತ. ಗಣಿಗಾರಿಕೆಯಿಂದ ಬಾಧಿತವೆಂದು ಗುರುತಿಸಲಾದ ಪ್ರದೇಶಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದ್ದು, ಕುಡಿಯುವ ನೀರು ಮತ್ತು ಆರೋಗ್ಯ ಅದರ ಆದ್ಯತೆಯ ವಿಷಯಗಳಲ್ಲಿ ಸೇರಿವೆ.

7. ಇತರೆಡೆಯ ಅನುಭವ

ಮೊಧೇರಾ, ಗುಜರಾತ್: 2022ರ ಅಕ್ಟೋಬರ್‌ನಲ್ಲಿ ಈ ಗ್ರಾಮವನ್ನು ಹಗಲಿರುಳು ಸೌರ ವಿದ್ಯುತ್ ಹೊಂದಿದ ದೇಶದ ಮೊದಲ ಗ್ರಾಮವೆಂದು ಘೋಷಿಸಲಾಯಿತು. 6 ಮೆಗಾವ್ಯಾಟ್ ಸ್ಥಾವರ, 15 ಮೆಗಾವ್ಯಾಟ್-ಅವರ್ ಬ್ಯಾಟರಿ ಸಂಗ್ರಹಣೆ, 1,300ಕ್ಕೂ ಹೆಚ್ಚು ಮನೆಗಳ ಛಾವಣಿ ಘಟಕ ಅಲ್ಲಿವೆ. ಇದಕ್ಕೆ ಕೇಂದ್ರ ಮತ್ತು ಗುಜರಾತ್ ಸರ್ಕಾರಗಳು ಸಮಪಾಲಿನಲ್ಲಿ 80 ಕೋಟಿ ರೂ.ಗೂ ಹೆಚ್ಚು ವೆಚ್ಚ ಮಾಡಿವೆ. ಒಂದು ಗ್ರಾಮ ಪಂಚಾಯಿತಿ ತನ್ನ ಬಲದಿಂದ ಇದನ್ನು ಅನುಕರಿಸಲಾಗದು. ಇಡೀ ಊರನ್ನು ಬ್ಯಾಟರಿಯ ಮೇಲೆ ನಿಲ್ಲಿಸುವುದಕ್ಕಿಂತ ಅಗತ್ಯ ಸೇವೆಗಳನ್ನು ನಿಲ್ಲಿಸುವುದು ಪಂಚಾಯಿತಿಯ ಅಳತೆಗೆ ತಕ್ಕ ಗುರಿ.

ಧರ್ನಾಯಿ, ಬಿಹಾರ: ಜೆಹಾನಾಬಾದ್ ಜಿಲ್ಲೆಯ ಈ ಗ್ರಾಮದಲ್ಲಿ 2014ರಲ್ಲಿ 100 ಕಿಲೋವ್ಯಾಟಿನ ಸೌರ ಕಿರುಜಾಲ ಉದ್ಘಾಟನೆಯಾಗಿ ದೇಶದ ಗಮನ ಸೆಳೆಯಿತು. ಕೆಲವೇ ವರ್ಷಗಳಲ್ಲಿ ಬ್ಯಾಟರಿಗಳು ಸತ್ತವು. ಅಷ್ಟರಲ್ಲಿ ಅಗ್ಗದ ಸಾಲಿನ ವಿದ್ಯುತ್ ಊರಿಗೆ ಬಂದಿತ್ತು. ಬ್ಯಾಟರಿ ಬದಲಿಸುವ ಹಣಕ್ಕೆ ದಾರಿಯಿರಲಿಲ್ಲ. ಕೊನೆಗೆ ಆ ಸ್ಥಳ ದನ ಕಟ್ಟುವ ಜಾಗವಾಯಿತು. ಸೌರಫಲಕ ಕೆಟ್ಟದ್ದರಿಂದ ಯೋಜನೆ ಸೋಲಲಿಲ್ಲ. ನಿರ್ವಹಣೆಯ ನಿಧಿ ಇಲ್ಲದ್ದರಿಂದ ಸೋತಿತು.

ಪಾವಗಡ, ತುಮಕೂರು ಜಿಲ್ಲೆ: ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ರೈತರು ಜಮೀನು ಮಾರದೆ ಎಕರೆಗೆ ವರ್ಷಕ್ಕೆ 21,000 ರೂ. ದರದಿಂದ ಆರಂಭಿಸಿ ಗುತ್ತಿಗೆ ನೀಡಿದರು. ಒಡೆತನ ಅವರಲ್ಲಿಯೇ ಉಳಿಯಿತು. ಆದರೆ ಆ ಹೊಲಗಳಲ್ಲಿ ದುಡಿಯುತ್ತಿದ್ದ ಭೂರಹಿತರಿಗೆ ಗುತ್ತಿಗೆಯ ಹಣವಿಲ್ಲ. ಗಾಳಿಯಂತ್ರ, ಸೌರ ಸ್ಥಾವರಗಳ ಕಂಪನಿಗಳು ಜಮೀನು ಹುಡುಕಿ ಬರುವ ಹರಪನಹಳ್ಳಿ, ಕೊಟ್ಟೂರು ಭಾಗದ ಪಂಚಾಯಿತಿಗಳು ಈ ಎರಡೂ ಮುಖಗಳನ್ನು ಗ್ರಾಮ ಸಭೆಯಲ್ಲಿ ಚರ್ಚಿಸಬೇಕು. ದೊಡ್ಡ ಪಾರ್ಕಿನ ವಿದ್ಯುತ್ ರಾಜ್ಯದ ಜಾಲಕ್ಕೆ ಹೋಗುತ್ತದೆ; ಪಾರ್ಕು ಊರ ಪಕ್ಕದಲ್ಲಿದ್ದ ಮಾತ್ರಕ್ಕೆ ಊರಿನ ಕತ್ತಲೆ ನೀಗದು.

ರಾಯಚೂರು: ಆರೋಗ್ಯ ಇಲಾಖೆ ಮತ್ತು ಸೆಲ್ಕೋ ಪ್ರತಿಷ್ಠಾನದ ಸಹಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬ್ಯಾಟರಿ ಸಹಿತ ಸೌರ ವ್ಯವಸ್ಥೆ ಅಳವಡಿಸಲಾಯಿತು. ಹೆರಿಗೆ ಕೋಣೆ, ಪ್ರಯೋಗಾಲಯ, ಲಸಿಕೆ ಸಂಗ್ರಹದಂಥ ಅಗತ್ಯ ಹೊರೆಗಳನ್ನು ಮೊದಲು ಪಟ್ಟಿ ಮಾಡಿ, ಅವಕ್ಕೆ ತಕ್ಕಂತೆ ಗಾತ್ರ ನಿಗದಿಪಡಿಸುವ ಕ್ರಮ ಇಲ್ಲಿ ಅನುಕರಣೀಯ.

8. ಬಾಳಿಕೆಗೆ ಬೇಕಾದ ಮುನ್ನೆಚ್ಚರಿಕೆ

ಬ್ಯಾಟರಿ ಸತ್ತು, ಬರಿಯ ಕಂಬವಾಗಿ ನಿಂತ ಸೌರ ಬೀದಿದೀಪವನ್ನು ಕಾಣದ ಸದಸ್ಯರು ವಿರಳ. ಅಂಥ ಪ್ರತಿಯೊಂದು ಕಂಬವೂ ಸಾರ್ವಜನಿಕ ಹಣದ ನಷ್ಟ. ಅದು ಮರುಕಳಿಸದಿರಲು ಕೆಳಗಿನ ಕ್ರಮಗಳು ಅಗತ್ಯ.

• ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಅನುಗುಣವಾಗಿರಬೇಕು. ತಾಂತ್ರಿಕ ವಿವರಗಳಿಗೆ ರಾಜ್ಯದ ನೋಡಲ್ ಸಂಸ್ಥೆಯಾದ ಕ್ರೆಡೆಲ್‌ನ ಮಾರ್ಗದರ್ಶನ ಪಡೆಯಬಹುದು.
• ಟೆಂಡರಿನಲ್ಲಿಯೇ ಕನಿಷ್ಠ 5 ವರ್ಷಗಳ ಸಮಗ್ರ ನಿರ್ವಹಣೆಯ ಷರತ್ತು ಸೇರಿಸಬೇಕು. ದೂರು ನೀಡಿದ ಎಷ್ಟು ದಿನದೊಳಗೆ ದುರಸ್ತಿಯಾಗಬೇಕು, ತಪ್ಪಿದರೆ ದಂಡವೆಷ್ಟು ಎಂಬುದು ಲಿಖಿತವಾಗಿರಬೇಕು.
• ಬ್ಯಾಟರಿ ನಿಧಿಯನ್ನು ಪ್ರತ್ಯೇಕ ಲೆಕ್ಕದಲ್ಲಿ ಇಡಬೇಕು. 60,000 ರೂ. ಬೆಲೆಯ ಬ್ಯಾಟರಿ 5 ವರ್ಷ ಬಾಳುವುದಾದರೆ ತಿಂಗಳಿಗೆ 1,000 ರೂ. ಕೂಡಿಡಬೇಕು. ಸೌರ ವಿದ್ಯುತ್ತಿನಿಂದ ಬಿಲ್ಲಿನಲ್ಲಿ ಉಳಿದ ಹಣ, ಸೂರ್ಯಘರ್ ಪ್ರೋತ್ಸಾಹಧನ, ಸ್ವಂತ ಸಂಪನ್ಮೂಲ ಇವು ಈ ನಿಧಿಗೆ ಮೂಲವಾಗಬಹುದು.
• ಒಣ ಭೂಮಿಯ ಧೂಳು ಫಲಕದ ಉತ್ಪಾದನೆಯನ್ನು ಕುಗ್ಗಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒರೆಸಿ ತೊಳೆಯುವ ಹೊಣೆಯನ್ನು ಹೆಸರಿಸಿದ ಸಿಬ್ಬಂದಿಗೆ ವಹಿಸಬೇಕು. ಕೋತಿಗಳ ಕಾಟವಿರುವೆಡೆ ಬಲೆಯ ರಕ್ಷಣೆ ಬೇಕು. ಬಿರುಗಾಳಿಯ ಒತ್ತಡ ತಡೆಯುವ ಆಧಾರ ರಚನೆ ಹಾಗೂ ಸಿಡಿಲು ತಡೆ ಕಡ್ಡಾಯ.
• ಬ್ಯಾಟರಿಗೆ ಗಾಳಿಯಾಡುವ, ಬೀಗವಿರುವ ಕೋಣೆ ಬೇಕು. ಕಚೇರಿಯ ಬ್ಯಾಟರಿಗೆ ನೀರು ಕಾಯಿಸುವ ಸಾಧನ, ಇಸ್ತ್ರಿ ಪೆಟ್ಟಿಗೆಯಂಥ ಭಾರಿ ಹೊರೆ ಜೋಡಿಸಬಾರದು.
• ಹಳೆಯ ಬ್ಯಾಟರಿಯನ್ನು ಗುಜರಿಗೆ ಮಾರಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ತಯಾರಕರು ಅಥವಾ ಅಧಿಕೃತ ಮರುಬಳಕೆದಾರರಿಗೆ ಮರಳಿಸಬೇಕು. ಸೀಸ ಬಾವಿಯ ನೀರಿಗೆ ಸೇರಿದರೆ ಮಕ್ಕಳ ಆರೋಗ್ಯಕ್ಕೆ ಶಾಶ್ವತ ಹಾನಿಯಾಗುತ್ತದೆ.
• ಸೌರ ಪಂಪು ಖರ್ಚಿಲ್ಲದೆ ನಡೆಯುವುದರಿಂದ ಅಂತರ್ಜಲವನ್ನು ಮಿತಿಮೀರಿ ಎತ್ತುವ ಅಪಾಯವಿದೆ. ತೊಟ್ಟಿ ತುಂಬಿದೊಡನೆ ಪಂಪು ನಿಲ್ಲುವ ಸ್ವಯಂಚಾಲಿತ ಏರ್ಪಾಡು ಇರಲಿ. ಇಂಗುಗುಂಡಿ, ಕೆರೆ ಹೂಳೆತ್ತುವ ಕೆಲಸ ಜೊತೆಯಲ್ಲಿ ಸಾಗಲಿ.

9. ಆದ್ಯತೆಯ ಕ್ರಮ

ಅನುದಾನ ಸೀಮಿತವಾದುದರಿಂದ ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾಗದು. ಕೆಳಗಿನ ಕ್ರಮ ಹೆಚ್ಚಿನ ಪಂಚಾಯಿತಿಗಳಿಗೆ ಹೊಂದುತ್ತದೆ.

ಮೊದಲನೆಯ ವರ್ಷ: ಎಲ್ಲ ಮೀಟರುಗಳ ಬಿಲ್ಲಿನ ಪರಿಶೀಲನೆ, ಬಳಕೆಯಲ್ಲಿಲ್ಲದ ಸಂಪರ್ಕಗಳ ರದ್ದತಿ, ಎಲ್‌ಇಡಿ ಬದಲಾವಣೆ, ಪ್ರತಿ ಗ್ರಾಮದ ಒಂದು ಮುಖ್ಯ ಕುಡಿಯುವ ನೀರಿನ ಕೊಳವೆಬಾವಿಗೆ ಸೌರ ಪಂಪು. ಎರಡನೆಯ ವರ್ಷ: ಆರೋಗ್ಯ ಉಪಕೇಂದ್ರ, ಪಂಚಾಯಿತಿ ಕಚೇರಿ, ಶುದ್ಧ ನೀರಿನ ಘಟಕಕ್ಕೆ ಮಿಶ್ರ ವ್ಯವಸ್ಥೆ. ಮೂರನೆಯ ವರ್ಷ: ಅರಿವು ಕೇಂದ್ರ, ಅಂಗನವಾಡಿ, ಶಾಲೆ. ಮೈಲಾರದ ಭರತ ಹುಣ್ಣಿಮೆಯ ಜಾತ್ರೆಯಂತೆ ಲಕ್ಷಾಂತರ ಜನ ಸೇರುವ ಕ್ಷೇತ್ರಗಳಲ್ಲಿ ನೀರು ಮತ್ತು ಬೆಳಕಿನ ಆಪತ್ಕಾಲದ ವ್ಯವಸ್ಥೆಗೆ ಮೊದಲ ವರ್ಷದಲ್ಲಿಯೇ ಸ್ಥಾನವಿರಬೇಕು.

10. ಮಾದರಿ ನಿರ್ಣಯ

"ಗ್ರಾಮ ಪಂಚಾಯಿತಿ ವ್ಯಾಪ್ತಿಯ ............ ಗ್ರಾಮದ ಕುಡಿಯುವ ನೀರಿನ ಕೊಳವೆಬಾವಿಗೆ ......... ಕಿಲೋವ್ಯಾಟ್ ಸೌರ ಪಂಪು ಹಾಗೂ ............ ಕಟ್ಟಡಕ್ಕೆ ವಿದ್ಯುತ್ ಕಡಿತದ ವೇಳೆ ........ ಗಂಟೆ ಅಗತ್ಯ ಸೇವೆ ನಡೆಸಬಲ್ಲ ಬ್ಯಾಟರಿ ಸಹಿತ ಮಿಶ್ರ ಸೌರ ವ್ಯವಸ್ಥೆ ಅಳವಡಿಸಲು, ಸದರಿ ಕಾಮಗಾರಿಯನ್ನು ............ ಅನುದಾನದಡಿ ಕ್ರಿಯಾ ಯೋಜನೆಗೆ ಸೇರಿಸಲು, 5 ವರ್ಷಗಳ ನಿರ್ವಹಣೆಯನ್ನು ಒಪ್ಪಂದದಲ್ಲಿ ಕಡ್ಡಾಯಗೊಳಿಸಲು ಮತ್ತು ಬ್ಯಾಟರಿ ಬದಲಾವಣೆಗಾಗಿ ತಿಂಗಳಿಗೆ ............ ರೂ. ಪ್ರತ್ಯೇಕ ಲೆಕ್ಕಕ್ಕೆ ಜಮಾ ಮಾಡಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು."

11. ಚರ್ಚೆಗೆ ಪ್ರಶ್ನೆಗಳು

1) ಕಳೆದ ಒಂದು ವರ್ಷದಲ್ಲಿ ಗ್ರಾಮದಲ್ಲಿ ಅತಿ ದೀರ್ಘ ವಿದ್ಯುತ್ ಕಡಿತ ಎಷ್ಟು ಗಂಟೆಯದು? ಆಗ ನೀರು ಯಾವ ಓಣಿಗೆ ಕೊನೆಗೆ ತಲುಪಿತು?
2) ಪಂಚಾಯಿತಿಯ ಒಟ್ಟು ವಿದ್ಯುತ್ ಬಿಲ್ಲಿನಲ್ಲಿ ನೀರು ಪೂರೈಕೆಯ ಪಾಲೆಷ್ಟು, ಬೀದಿದೀಪದ ಪಾಲೆಷ್ಟು?
3) ಈ ಹಿಂದೆ ಅಳವಡಿಸಿದ ಸೌರ ಬೀದಿದೀಪಗಳಲ್ಲಿ ಎಷ್ಟು ಈಗ ಉರಿಯುತ್ತಿವೆ? ಉಳಿದವು ನಿಂತ ಕಾರಣವೇನು?
4) ಆರೋಗ್ಯ ಉಪಕೇಂದ್ರದಲ್ಲಿ ರಾತ್ರಿ ವಿದ್ಯುತ್ ಹೋದರೆ ಆಶಾ ಕಾರ್ಯಕರ್ತೆಯರು ಏನು ಮಾಡುತ್ತಾರೆ? ಅವರನ್ನು ಸಭೆಗೆ ಆಹ್ವಾನಿಸಿ ಕೇಳಲಾಗಿದೆಯೇ?
5) ಮೇಲ್ತೊಟ್ಟಿ ಎಷ್ಟು ದಿನದ ನೀರು ಹಿಡಿಯುತ್ತದೆ? ಇನ್ನೊಂದು ತೊಟ್ಟಿಗೆ ಜಾಗವಿದೆಯೇ?

ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆತ ಪಂಚಾಯಿತಿಗೆ ಅರ್ಧ ಯೋಜನೆ ಸಿದ್ಧವಾದಂತೆಯೇ. ಮೊದಲ ಪ್ರಶ್ನೆಯ ಉತ್ತರವನ್ನು ಕಡತದಲ್ಲಿ ಹುಡುಕಬೇಕಾಗಿಲ್ಲ. ಊರ ಕೊನೆಯ ಓಣಿಯಲ್ಲಿ ಕೊಡ ಹಿಡಿದು ಕಾಯ್ದ ಮಹಿಳೆಯರು ಅದನ್ನು ಬಲ್ಲರು. ಮುಂದಿನ ವಾರ್ಡ್ ಸಭೆಯಲ್ಲಿ ಚರ್ಚೆ ಅವರಿಂದಲೇ ಆರಂಭವಾಗಲಿ.